ಬಿಸಿ ತಿಳಿಯದ ಕಿರುಬೆರಳು

ಆಲೆಮನೆ ಶುರುವಾಗಿ ಕಬ್ಬಿನ ಹಾಲು ಮನೆಗೆ ಬಂತೆಂದರೆ ನಮ್ಮ ಸಿದ್ದಾಪುರದ ಕಡೆ ತೊಡದೇವು ಎಂಬ ಸಿಹಿತಿಂಡಿ ಮಾಡದೆ ಇರುವುದಿಲ್ಲ. ಮಡಕೆಯನ್ನು ಒಲೆ ಮೇಲೆ ಮಗುಚಿಟ್ಟು, ಕಬ್ಬಿನ ಹಾಲಲ್ಲಿ ಕಲಸಿದ ನೀರುಹಿಟ್ಟಿಗೆ ಕೋಲಿಗೆ ಕಟ್ಟಿದ ಬಟ್ಟೆ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದೇ ಸಲಕ್ಕೆ ತೆಳ್ಳಗೆ ಎಳೆಯಬೇಕು. ಅದು ಬೆಂದು ಹಾಳೆಯಾಗಿ ಏಳುವಾಗ ಬರಿಗೈಯಲ್ಲಿ ಮಡಚಬೇಕು. ಬೆರಳಿಗೆ ಬಿಸಿ ತಿಳಿದರೇ ಹದ ತಿಳಿಯುವುದು. ನಾನು ಮಾಡಿದ್ದು ಕಾಗದದ ಹಾಗಿರುತ್ತಿತ್ತು. ಜಂಬ ಅಲ್ಲ, ತಿಂದವರನ್ನು ಕೇಳಿ.

ಹೋದ ವರ್ಷ ಹಾಗೆ ಮಡಚುವಾಗ ಸೊಸೆ ಕೂಗಿದಳು, "ಅತ್ತೆ, ಬೆರಳು ಸುಡ್ತಾ ಇದ್ದು! ಗೊತ್ತಾಗ್ತಿಲ್ಯಾ?"

ಗೊತ್ತಾಗಿರಲಿಲ್ಲ. ಕಿರುಬೆರಳಿಗೆ ಬೊಬ್ಬೆ ಎದ್ದಿತ್ತು. ಅದೂ ಅದರ ಪಕ್ಕದ್ದೂ ಜೋಮು.

ಮೊಣಕೈಯಲ್ಲಿ ನರ ಒತ್ತಿದೆ ಎಂದು ಶಿರಸಿಯ ಡಾಕ್ಟರು ನನ್ನನ್ನು ವ್ಯಾಯಾಮ ಮಾಡಿಸುವ ಹುಡುಗಿಯ ಹತ್ತಿರ ಕಳಿಸಿದರು. ಕೈ ಮಡಚಿ ತಲೆಯಡಿ ಇಟ್ಟು ಮಲಗಬೇಡಿ, ರಾತ್ರಿ ಮೊಣಕೈ ಮಡಚದ ಹಾಗೆ ಟವೆಲ್ ಸಡಿಲವಾಗಿ ಸುತ್ತಿಕೊಳ್ಳಿ, ಮೊಣಕೈ ಊರಿ ಕೂರಬೇಡಿ ಅಂದಳು. ತೋಳು ನಿಧಾನಕ್ಕೆ ಚಾಚಿ ಮಣಿಕಟ್ಟು ಬಗ್ಗಿಸುವುದನ್ನು ಕಲಿಸಿದಳು. ಬೇಗ ಗುಣವಾಗಲಿ ಎಂದು ನಾನು ಮಜ್ಜಿಗೆ ಕಡೆದ ಹಾಗೆ ಜಗ್ಗಾಡಿದೆ. ಮೇಲಿಂದ ಎಣ್ಣೆ ಕಾಯಿಸಿ ಮೊಣಕೈ ಗಂಟನ್ನೂ ತಿಕ್ಕಿದೆ. ಜೋಮು ಹೆಚ್ಚಾಯಿತು. ಮತ್ತೆ ಶಿರಸಿಗೆ, ಆ ಹುಡುಗಿಯ ಹತ್ತಿರ ಹೋದೆ.

"ತಿಕ್ಕೋಕೆ ಯಾರು ಹೇಳಿದ್ದು ಅಜ್ಜಿ?"

"ತಿಕ್ಕದೆ ಎಂತ, ಮುದ್ದು ಮಾಡಬೇಕಾ?"

"ಹೌದು, ಮುದ್ದೇ ಮಾಡಿ. ಮೊದಲೇ ಒತ್ತಿಹೋದ ನರ ಅದು. ಜುಮ್ ಅಂದ ಕೂಡಲೇ ವ್ಯಾಯಾಮ ನಿಲ್ಲಿಸಬೇಕು."

"ಮುಂದಿನ ಆಲೆಮನೆಗೆ ಸರಿಯಾಗ್ತದಾ?"

ಹುಡುಗಿ ಸುಳ್ಳು ಹೇಳಲಿಲ್ಲ. "ಹೇಳೋಕೆ ಬರೋದಿಲ್ಲ. ಬಿಸಿ ಗೊತ್ತಾಗೋವರೆಗೆ ಆ ಕೈ ಒಲೆ ಹತ್ತಿರ ಬೇಡ."

ಈ ವರ್ಷ ಇಲ್ಲೇ ಬಿಳಗಿಯ ಆಲೆಮನೆಯಿಂದ ಕಬ್ಬಿನ ಹಾಲು ಬಂತು. ಸೊಸೆ ಒಲೆ ಮುಂದೆ, ನಾನು ದೂರ ಮಣೆ ಮೇಲೆ. ಅವಳದು ದೋಸೆ ದಪ್ಪ. ಹಾಗೇ ಹೇಳಿದೆ.

"ಹಂಗಾರೆ ತಿನ್ನಡಿ, ಬಿಡಿ," ಅನ್ನುತ್ತಲೇ ನನ್ನ ತಟ್ಟೆಗೆ ಇನ್ನೊಂದು ಹಾಕಿದಳು.

ತಿಂದೆ. ರುಚಿಗೇನೂ ಕಡಿಮೆ ಇಲ್ಲ. ಆದರೆ ನನಗೆ ಬೇಕಾದದ್ದು ತಿನ್ನುವುದಲ್ಲ. ಹಾಳೆ ಮಡಕೆ ಬಿಡುವಾಗ ಬೆರಳ ತುದಿಗೆ ಚುರ್ ಅನ್ನುತ್ತಿತ್ತಲ್ಲ, ಅದು ಬೇಕು. ಎಷ್ಟು ವರ್ಷ ಬೈದುಕೊಂಡಿದ್ದೇನೆ ಆ ಉರಿಯನ್ನು! ಈಗ ಅದೇ ನೆನಪಾಗುತ್ತದೆ.

ಆಲೆಮನೆ ಮುಗಿಯಿತು. ಸೊಸೆ ಮಡಕೆ ತೊಳೆದು ಅಟ್ಟಕ್ಕೆ ಏರಿಸಿದಳು. ದಿನಾ ಮುಖ ತೊಳೆಯುವಾಗ ಕಿರುಬೆರಳೊಂದನ್ನೇ ತಣ್ಣೀರಲ್ಲಿ ಅದ್ದಿ ನೋಡುತ್ತೇನೆ. ಇವತ್ತೂ ಏನೂ ತಿಳಿಯಲಿಲ್ಲ.