ನೀರಿನ ಚೀಲದ ಮೂಲೆಯ ಗಂಟು

“ಅಪ್ಪಾ, ಕಣ್ಣು ಕತ್ತಲೆ ಬರ್ತಿದೆ” ಎಂದು ನನ್ನ ಹನ್ನೊಂದು ವರ್ಷದ ಮಗಳು ಬಂಡೆಯ ಮೇಲೆ ಕೂತುಬಿಟ್ಟಳು. ದಾಬಸ್‌ಪೇಟೆ ಹತ್ತಿರದ ಬೆಟ್ಟವೊಂದನ್ನು ಮುಕ್ಕಾಲು ಭಾಗ ಹತ್ತಿದ್ದೆವು. ನೆತ್ತಿಯ ಮೇಲೆ ಬಿಸಿಲು. ಟ್ರೆಕ್ಕಿಂಗಿಗೆಂದೇ ಕೊಂಡಿದ್ದ, ಖಾಲಿಯಾದರೆ ಮಡಚಿಡಬಹುದಾದ ಮೂರು ಲೀಟರಿನ ನೀರಿನ ಚೀಲವನ್ನು ಬೆನ್ನಿನಿಂದ ಇಳಿಸಿದರೆ, ತಳದಲ್ಲಿ ಎರಡು ಲೋಟದಷ್ಟು ನೀರು ಮಾತ್ರ ಉಳಿದಿತ್ತು. ಬೆನ್ನು ಒದ್ದೆಯಾಗಿದ್ದನ್ನು ಬೆವರು ಅಂದುಕೊಂಡೇ ಹತ್ತಿದ್ದೆ.

ಹಿಂದಿನ ದಿನ ಆಯುಧಪೂಜೆ. ಬೈಕಿನ ಜೊತೆ ಇಟ್ಟಿದ್ದ ಈ ಚೀಲಕ್ಕೂ ಅಮ್ಮ ಸೇವಂತಿಗೆ ಹೂವು ಮುಡಿಸಿದ್ದರು, ಮೂಲೆಗೆ ಪಿನ್ನು ಚುಚ್ಚಿ. ಬೆಳಿಗ್ಗೆ ಪಿನ್ನು ತೆಗೆದು ನೀರು ತುಂಬಿದವನು ನಾನೇ. ತೂತಿನ ಯೋಚನೆಯೇ ಬರಲಿಲ್ಲ.

ಮಗಳು ಒಂದು ಗುಟುಕು ಕುಡಿದಳು, ಎರಡನೆಯದು ವಾಂತಿಯಾಯಿತು. ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಕುಡಿಸಬೇಕಿತ್ತು. ತೂತಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಬೆರಳು ತೆಗೆದರೆ ನೀರು ಹೋಗುತ್ತದೆ, ತೆಗೆಯದೆ ಮಗಳನ್ನು ಎತ್ತಿಕೊಳ್ಳುವುದು ಹೇಗೆ? ಗಾಬರಿಗೆ ತಲೆ ಓಡಲಿಲ್ಲ.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ನೋಡಿದರು.

“ಹೆಬ್ಬೆಟ್ಟು ತಗಿ ಮಗಾ. ಚೀಲ ತಾನೆ, ಮೂಲೆ ಹಿಡ್ದು ಕಟ್ಟುದ್ರಾಯ್ತು.”

ಸೆರಗಿನ ಅಂಚು ಹರಿದು, ತೂತಿದ್ದ ಮೂಲೆಯನ್ನು ಮುದುರಿ, ರಾಗಿ ಮೂಟೆಯ ಬಾಯಿ ಕಟ್ಟಿದಂತೆ ಬಿಗಿದರು. ಸೋರುವುದು ನಿಂತಿತು. ಮಗಳನ್ನು ಬೆನ್ನಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಾ ಇಳಿದೆ. ಬೆಟ್ಟದ ಬುಡ ಸೇರುವಷ್ಟರಲ್ಲಿ ಅವಳು ಚೇತರಿಸಿಕೊಂಡಿದ್ದಳು.

ಪಿನ್ನಿನ ವಿಷಯ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಆದರೆ ಅದೇ ಚೀಲ ಹೊತ್ತು ಬೆಟ್ಟ ಹತ್ತುವಾಗ ಬೆನ್ನು ಒದ್ದೆಯಾದರೆ ಸಾಕು, ಬೆವರೆಂದು ನಂಬದೆ ಚೀಲ ಇಳಿಸಿ ಆ ಗಂಟನ್ನು ಮುಟ್ಟಿ ನೋಡುತ್ತೇನೆ.