ಭಾವನ ಕೈಗೆ ಸಿಕ್ಕ ಬಾಗಿಲು

ಬಸ್ ಕಂಡಕ್ಟರಾಗಿ ನಿವೃತ್ತರಾದ ನಮ್ಮ ಭಾವನಿಗೆ, ಬಡಗಿ ಒಳಗೆ ಕಾಲಿಟ್ಟರೆ ತಮ್ಮ ಮಾನ ಹೊರಗೆ ಹೋದಂತೆ. ಅಕ್ಕನ ಹೊಲಿಗೆ ಅಂಗಡಿಯ ಬಾಗಿಲಿಗೆ ಕರೆಂಟಿನ ಬೀಗವಿದೆ. ಅವಳು ಮಿಷನ್ ಮುಂದೆ ಕೂತೇ ಗುಂಡಿ ಒತ್ತಿದರೆ ಬೀಗ ಗುಂಯ್ ಎಂದು ಬಿಚ್ಚಿಕೊಳ್ಳುತ್ತದೆ, ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬರಬೇಕು. ಆದರೆ ಬಾಗಿಲು ಸಡಿಲವಾಗಿ, ಗಾಳಿಗೆ ಮುದುಕನ ಹಲ್ಲಿನಂತೆ ಅಲ್ಲಾಡುತ್ತಿತ್ತು.

"ರೀ, ಬಡಗೀನ ಕರೆಸ್ಲಾ?" ಅಂದಳು ಅಕ್ಕ.

"ನಾನಿನ್ನೂ ಬದುಕಿದೀನಿ ಕಣೇ."

ಭಾವ ಚೌಕಟ್ಟಿಗೆ ದಪ್ಪ ರಬ್ಬರ್ ಪಟ್ಟಿ ಅಂಟಿಸಿದರು. ನಾನು ಟಾರ್ಚ್ ಹಿಡಿದು, ಏನೂ ಅರ್ಥವಾಗದಿದ್ದರೂ ತಲೆಯಾಡಿಸಿದೆ. ಬಾಗಿಲು ಅಲ್ಲಾಡುವುದನ್ನು ನಿಲ್ಲಿಸಿತು, ತೆರೆಯುವುದನ್ನೂ ನಿಲ್ಲಿಸಿತು. ರಬ್ಬರಿನ ಒತ್ತಡಕ್ಕೆ ಬೀಗದ ನಾಲಗೆ ಬಿಗಿದುಕೊಂಡು, ಗುಂಡಿ ಒತ್ತಿದರೆ ಬರೀ ಗುಂಯ್. ಗಿರಾಕಿಗಳು ತಳ್ಳಿ ತಳ್ಳಿ ಹಿಂದಿರುಗತೊಡಗಿದರು.

"ಈಗಲಾದ್ರೂ ಕರೆಸ್ಲಾ?"

"ಬೇಡ. ಒಳಗಿಂದ ಬಾಗಿಲನ್ನ ಸ್ವಲ್ಪ ಹೊರಗಡೆಗೆ ಒತ್ತಿದ್ರೆ ಬೀಗ ಬಿಡುತ್ತೆ."

"ದಿನಾ ಯಾರ್ ಒತ್ತೋದು, ನಿಮ್ಮ ಭಾಮೈದನಾ?"

ನಾನು ಚಪ್ಪಲಿ ಹುಡುಕಿದೆ.

ಈಗ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಭಾವನೇ ಕೂತಿರುತ್ತಾರೆ. ಗಿರಾಕಿ ಬಂದರೆ ಎದ್ದು ಭುಜ ಕೊಡುತ್ತಾರೆ, ಅಕ್ಕ ಗುಂಡಿ ಒತ್ತುತ್ತಾಳೆ, ಬಾಗಿಲು ತೆರೆಯುತ್ತದೆ.

"ಬನ್ನಿ ಬನ್ನಿ, ಮುಂದೆ ಜಾಗ ಇದೆ," ಅನ್ನುತ್ತಾರೆ ಭಾವ. ಆಗ ಅವರ ಮುಖದ ಕಳೆ ನೋಡಿದ ಮೇಲೆ ಅಕ್ಕ ಬಡಗಿಯ ಮಾತೇ ಎತ್ತಿಲ್ಲ.