ಮೂಗು ಇಳಿದರೆ ಲೆಕ್ಕಕ್ಕಿಲ್ಲ

ನನ್ನ ತಮ್ಮ ಯುದ್ಧವಿಮಾನಗಳ ವೇಗ ಅಳೆಯುತ್ತಾನೆ. ಗುಂಡ್ಲುಪೇಟೆಯ ಹತ್ತಿರ ಅವನಿಗೆ ಅರಿಶಿನದ ಹೊಲವಿದೆ. ಹಗಲು ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಿ, ಪಾತಿಗೆ ನೀರು ತಿರುಗಿಸಿ, ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಮೇಜಿಗೆ ಒಂದು ಜಾಯ್‌ಸ್ಟಿಕ್ಕನ್ನು ಸ್ಕ್ರೂ ಹಾಕಿ ಬಿಗಿದಿದ್ದಾನೆ. ವಿಮಾನ ಹಾರಿಸುವ ಆಟ ಅದು, ಆದರೆ ಅವನು ಯಾರ ಮೇಲೂ ಗುಂಡು ಹಾರಿಸುವುದಿಲ್ಲ. ಗಾಳಿ ತೆಳುವಾಗುವಷ್ಟು ಮೇಲೆ ಹೋಗಿ, ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು, ಮಟ್ಟವಾಗಿ ಓಡಿಸುತ್ತ, ವೇಗದ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಕಾಯುತ್ತಾನೆ. ಒಂದಾದ ಮೇಲೆ ಇನ್ನೊಂದು ವಿಮಾನ.

ಒಮ್ಮೆ ಶಾಲೆಯ ರಜೆಯಲ್ಲಿ ಹೋದ ನಾನು ಅವನ ಮನೆಯಲ್ಲೇ ಉಳಿಯಬೇಕಾಯಿತು. ಅಲ್ಲಿಂದ ಚಾಮರಾಜನಗರಕ್ಕೆ ಸ್ಕೂಟರಿನಲ್ಲಿ ಹಿಂತಿರುಗುವಾಗ, ತೆರಕಣಾಂಬಿ ದಾಟಿದ ಮೇಲೆ, ನನ್ನ ಮುಂದೆ ಹೋಗುತ್ತಿದ್ದ ಚೆಂಡುಹೂವಿನ ಪಿಕಪ್ ಗಾಡಿ ಮಗುಚಿತು. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಎಡಗಡೆಯ ಚಕ್ರ ಮಣ್ಣಿಗೆ ಇಳಿಯಿತು. ಡ್ರೈವರ್ ಬಲಕ್ಕೆ ಎಳೆದ. ಗಾಡಿ ಮೊದಲು ನಿಧಾನವಾಗಿ ವಾಲಿತು, ಆಮೇಲೆ ಒಮ್ಮೆಗೇ ಬಿತ್ತು. ಮೂಟೆಗಳು ಒಡೆದು ರಸ್ತೆ ತುಂಬ ಹೂವು. ಡ್ರೈವರ್ ಕಿಟಕಿಯಿಂದ ತೆವಳಿ ಬಂದು, ಆ ಹೂವಿನ ಮೇಲೇ ಕೂತು, ನೀರು ಕೇಳಿದ. ಅವನಿಗೆ ಹೆಚ್ಚೇನೂ ಆಗಿರಲಿಲ್ಲ. ನಾನು ಬ್ರೇಕ್ ಹಿಡಿದು ನಿಂತಿದ್ದೆ, ಸ್ಕೂಟರ್ ಇನ್ನೂ ಚಾಲೂ ಇತ್ತು. ಹಿಂದಿನಿಂದ ಯಾರೋ ಕೂಗಿದರು. ಮರುಕ್ಷಣ ಸ್ಕೂಟರ್ ಪಕ್ಕಕ್ಕೆ ಉರುಳಿ ನನ್ನ ಕಾಲ ಮೇಲಿತ್ತು. ತಲೆ ಸುತ್ತಿತೆಂದು ಎಲ್ಲರೂ ಹೇಳಿದರು. ತಲೆ ಸುತ್ತಿರಲಿಲ್ಲ. ಆದರೆ ಏನಾಯಿತೆಂದು ನನಗೂ ಗೊತ್ತಿರಲಿಲ್ಲ.

ತಮ್ಮ ಬಂದು ನನ್ನನ್ನೂ ಸ್ಕೂಟರನ್ನೂ ವಾಪಸು ತನ್ನ ಮನೆಗೆ ತಂದ. ಕಾಲಿನ ಊತ ಇಳಿಯಿತು. ಆದರೆ ಸ್ಕೂಟರ್ ಮೇಲೆ ಕೂತರೆ ಬಲಗೈ ಆಕ್ಸಿಲರೇಟರ್ ತಿರುಗಿಸಲು ಒಪ್ಪುತ್ತಿರಲಿಲ್ಲ. ನಾನು ಪಾಠ ಮಾಡುವ ಶಾಲೆ ಇರುವುದು ಚಂದಕವಾಡಿಯಿಂದ ಇನ್ನೂ ಒಳಕ್ಕೆ, ಬಸ್ಸು ಹೋಗದ ದಾರಿಯಲ್ಲಿ. ಸ್ಕೂಟರ್ ಬಿಡಲಾಗದಿದ್ದರೆ ಆ ಶಾಲೆಯನ್ನೇ ಬಿಡಬೇಕು. ರಜೆ ಮುಗಿಯುತ್ತಿತ್ತು. ಕೂತಲ್ಲಿ ಕೂರಲಾಗದೆ ಬಾಗಿಲಿಗೆ ಹೋಗುತ್ತಿದ್ದೆ, ಸ್ಕೂಟರ್ ನೋಡಿ ಒಳಗೆ ಬರುತ್ತಿದ್ದೆ.

"ಯಾಕಕ್ಕ, ಬಾಗ್ಲಿಗೂ ಒಳಕ್ಕೂ ಒಲಿಗೆ ಆಕ್ತಾ ಇದ್ದೀಯ? ಬಾ ಇಲ್ಲಿ. ನಾನು ಮೂಗ ಇಡ್ಕಂಡಿರ್ತೀನಿ, ನೀನು ಮುಳ್ಳು ಎಷ್ಟದೆ ಅಂತ ಏಳು" ಎಂದ ತಮ್ಮ.

ಮೂಗು ಎಂದರೆ ವಿಮಾನದ ಮೂತಿ. ಅದು ದಿಗಂತದ ಗೆರೆಯ ಮೇಲೇ ನಿಂತಿರಬೇಕು. "ಮೂಗು ಇಳೀತೋ, ಇಳಿಜಾರಲ್ಲಿ ಸೈಕಲ್ ಬುಟ್ಟಂಗೆ. ಲೆಕ್ಕಕ್ಕಿಲ್ಲ" ಎಂದು ವಿವರಿಸಿದ.

ನಾನು ಮುಳ್ಳು ಓದತೊಡಗಿದೆ. ಪರದೆಯ ಮೇಲೆ ಓಡುತ್ತಿದ್ದ ನಮ್ಮ ಸೀಮೆಯಲ್ಲಿ, ಗೋಪಾಲಸ್ವಾಮಿ ಬೆಟ್ಟ ಇರಬೇಕಾದ ಕಡೆ ಒಂದು ಬೋಳು ದಿಬ್ಬವಿತ್ತು, ಗುಡಿ ಇರಲಿಲ್ಲ. ಒಂದು ಸಂಖ್ಯೆ ಹೇಳಿ ಇನ್ನೊಂದು ಹೇಳುವಷ್ಟರಲ್ಲಿ ಗಡಿಯಲ್ಲಿರುವ ಮದ್ದೂರಿನ ಕಾಡೂ ಹಿಂದಾಗಿ, ವಿಮಾನ ಕೇರಳದ ಮೇಲಿರುತ್ತಿತ್ತು. ನೋಡುತ್ತಿದ್ದರೆ ಅಂಗಾಲು ಬೆವರುತ್ತಿತ್ತು. ಆದರೂ ಎದ್ದು ಹೋಗಲಿಲ್ಲ.

ಹಿತ್ತಿಲಿನಿಂದ ತಮ್ಮನ ಹೆಂಡತಿ ಕೂಗಿದಳು: "ಅಕ್ಕ ತಮ್ಮ ಇಬ್ರೂ ಆಕಾಸದಲ್ಲೇ ಇರಿ! ಇಲ್ಲಿ ನೀರು ಪಾತಿ ಬುಟ್ಟು ರೋಡ್ಗೆ ಓಯ್ತಾ ಅದೆ!"

ಅವನು ಜಾಯ್‌ಸ್ಟಿಕ್ಕಿನ ಮೇಲೆ ನನ್ನ ಕೈಗಳನ್ನು ಇರಿಸಿ ಎದ್ದ. ಬಾಗಿಲಲ್ಲಿ ತಿರುಗಿ ಪರದೆ ನೋಡಿ ಕೂಗಿದ: "ಬುಡಕ್ಕ! ಬುಡು, ಬುಡು!"

ನನ್ನ ಎರಡೂ ಕೈ ಮಡಿಲಿಗೆ ಬಿದ್ದವು.

"ಯಾಕಕ್ಕ ಕೈ ಬುಟ್ಬುಟ್ಟೆ?"

"ನೀನೇ ಬುಡು ಅಂದ್ಯಲ್ಲಾ."

"ಅಯ್ಯೋ ಶಿವ್ನೆ! ಗಾಡಿ ಬುಡು ಅಂದೆ ಕಣಕ್ಕ. ಮಕ್ಳಿಗೆ ಕನ್ನಡ ಬೇರೆ ಏಳ್ಕೊಡ್ತೀಯ ನೀನು!"

ನಾನು ನಗಲಿಲ್ಲ. ನಮ್ಮ ಕಡೆ ಗಾಡಿ ಓಡಿಸುವುದಕ್ಕೂ ಅದೇ ಮಾತು, ಕೈ ಸಡಿಲಿಸುವುದಕ್ಕೂ ಅದೇ ಮಾತು. ಅವತ್ತು ರಸ್ತೆಯಲ್ಲಿ ಹಿಂದಿನಿಂದ ಯಾರೋ ಕೂಗಿದ್ದು ಈಗ ಸರಿಯಾಗಿ ಕೇಳಿಸಿತು: "ಬುಡಮ್ಮ, ಬುಡು!" ಸ್ಕೂಟರ್ ಓಡಿಸಿಕೊಂಡು ಮುಂದೆ ಹೋಗು ಎಂದು ಅವರು ಹೇಳಿದ್ದರು. ನನ್ನ ಕೈ ಇನ್ನೊಂದು ಅರ್ಥವನ್ನು ಪಾಲಿಸಿ ಹ್ಯಾಂಡಲ್ ಬಿಟ್ಟಿತ್ತು.

"ತಲೆ ಸುತ್ತಿರ್ಲಿಲ್ಲ ಕಣ್ಲಾ" ಎಂದೆ. ಅವನಿಗೆ ಕೇಳಿಸಲಿಲ್ಲ. ಅವನು ಪರದೆಯನ್ನೇ ನೋಡುತ್ತಿದ್ದ. ಯಾರೂ ಹಿಡಿಯದ ವಿಮಾನ ತನ್ನಷ್ಟಕ್ಕೆ ಹೋಗುತ್ತಿತ್ತು. ಮುಳ್ಳು ಅದುವರೆಗೆ ನಿಂತ ಜಾಗ ದಾಟಿತ್ತು.

"ರೆಕಾರ್ಡು ಕಣಕ್ಕ! ಇಷ್ಟು ಓಗೇ ಇರ್ಲಿಲ್ಲ!"

ನಾನು ಗೆರೆ ನೋಡಿದೆ. "ಮೂಗು ಇಳ್ದದೆ. ಲೆಕ್ಕಕ್ಕಿಲ್ಲ."

"ಒಂಚೂರು ತಾನೆ, ಬುಡಕ್ಕ."

"ಇದ್ಯಾವ ಬುಡು?" ಎಂದೆ. ಆಗ ಇಬ್ಬರಿಗೂ ನಗು ಬಂತು. ಹಿತ್ತಿಲಿನಿಂದ ಮತ್ತೊಂದು ಕೂಗು ಬಂದಾಗ ಅವನು ಓಡಿದ.

ಮಾರನೆಯ ಬೆಳಿಗ್ಗೆ ಸ್ಕೂಟರ್ ಹತ್ತಿದೆ. ಹಿಂದೆ ಅವನು ಕೂತ. ಆ ಒಂದು ಮಾತು ಅವನ ಬಾಯಲ್ಲಿ ಬರಬಾರದು ಎಂದು ಮೊದಲೇ ಹೇಳಿದ್ದೆ. ಮನೆಯಿಂದ ಟಾರು ರಸ್ತೆಯವರೆಗೆ ಇಳಿಜಾರು. ಕೈ ತಿರುಗಿಸದೆಯೇ ಸ್ಕೂಟರ್ ಉರುಳಿತು.

"ಮುಳ್ಳು ಎಲ್ಲದೆ ಅಕ್ಕ?"

"ಹದಿನೈದು."

"ಪರ್ವಾಗಿಲ್ವೆ!"

"ಮೂಗು ಇಳ್ದದೆ ಕಣ್ಲಾ. ಲೆಕ್ಕಕ್ಕಿಲ್ಲ."

ಇಳಿಜಾರು ಮುಗಿದು ರಸ್ತೆ ಮಟ್ಟವಾಯಿತು. ಮುಳ್ಳು ಇಳಿಯತೊಡಗಿತು. ಹಿಂದೆ ಅವನು ಏನೋ ಹೇಳಹೋಗಿ ನುಂಗಿಕೊಂಡದ್ದು ಗೊತ್ತಾಯಿತು. ಆಕ್ಸಿಲರೇಟರನ್ನು ಬಿಗಿಯಾಗಿ ಹಿಡಿದು, ತಿರುಗಿಸಿದೆ.